ಹಿಂಟರ್‌ಕಾರಿನ ಹಿಮ ಅಳೆಯುವ ಹೆಂಗಸು

ಹಿಂಟರ್‌ಕಾರ್ ಊರಿನಲ್ಲಿ ಎಷ್ಟು ಹಿಮ ಬಿದ್ದಿದೆ ಎಂದು ಕೇಳಿದರೆ ಎರಡು ಉತ್ತರ ಸಿಗುತ್ತಿತ್ತು. ಒಂದು ನೋಟ್‌ಬುರ್ಗಾಳದು, ಇನ್ನೊಂದು ಮೇಯರ್ ರೊಮೆಡ್‌ನದು. ಡಿಸೆಂಬರಿನಲ್ಲಿ, ಪ್ರವಾಸಿಗಳು ಬರುವ ಮುಂಚೆ, ರೊಮೆಡ್‌ನ ಹಿಮ ನೋಟ್‌ಬುರ್ಗಾಳ ಹಿಮಕ್ಕಿಂತ ಯಾವಾಗಲೂ ಒಂದು ಮೊಳ ಹೆಚ್ಚಿರುತ್ತಿತ್ತು. ಫೆಬ್ರವರಿಯಲ್ಲಿ ಹೋಟೆಲುಗಳು ತುಂಬಿ, ಬೆಟ್ಟದ ನೆತ್ತಿಯಲ್ಲಿ ಹಿಮ ಒಟ್ಟಿಕೊಂಡು ನೋಡಿದರೆ ಎದೆ ಝಲ್ಲೆನ್ನುವ ಹೊತ್ತಿಗೆ ಅದೇ ಹಿಮ ಅವನ ಬಾಯಲ್ಲಿ ಎರಡು ಮೊಳ ಕರಗಿಹೋಗುತ್ತಿತ್ತು. ನೋಟ್‌ಬುರ್ಗಾಳ ಕೋಲು ಮಾತ್ರ ಋತು ನೋಡಿಕೊಂಡು ಉದ್ದ ಗಿಡ್ಡ ಆಗುವ ಜಾತಿಯದಲ್ಲ.

ಊರೆಲ್ಲ ಬುರ್ಗಿ ಎಂದು ಕರೆಯುತ್ತಿದ್ದ ಈಕೆ ಶಾಲೆಯ ಅಡುಗೆಯವಳು. ಹಿಂಟರ್‌ಕಾರ್ ಟಿರೋಲ್ ಸೀಮೆಯ ಒಂದು ಕಣಿವೆಯ ಕಟ್ಟಕಡೆಯ ಊರು. ಅಲ್ಲಿಂದ ಮುಂದಕ್ಕೆ ಹೋಗಲು ರಸ್ತೆಗೂ ಮನಸ್ಸಿಲ್ಲ. ಮೂವತ್ತನಾಲ್ಕು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವುದು ಅವಳ ಕೆಲಸ. ಬೆಳಗ್ಗೆ ಆರೂವರೆಗೆ, ಶಾಲೆಯ ಒಲೆ ಹಚ್ಚುವ ಮೊದಲು, ಮನೆಯ ಹಿಂದಿನ ಬಯಲಿಗೆ ಹೋಗಿ ಹಿಮ ಅಳೆಯುವುದು ಅವಳ ಇನ್ನೊಂದು ಕೆಲಸ. ಹೊಸ ಹಿಮ ಎಷ್ಟು, ಒಟ್ಟು ಎಷ್ಟು, ಗಾಳಿ ಯಾವ ಕಡೆಯಿಂದ, ಥಂಡಿ ಎಷ್ಟು, ಇದಿಷ್ಟನ್ನೂ ಪುಸ್ತಕದಲ್ಲಿ ಬರೆದು, ಹಿಮಕುಸಿತದ ಎಚ್ಚರಿಕೆಯ ಕಚೇರಿಯಿರುವ ಇನ್ಸ್‌ಬ್ರುಕ್‌ಗೆ ಫೋನು ಮಾಡಿ ಹೇಳುತ್ತಿದ್ದಳು. ವಾರಕ್ಕೊಮ್ಮೆ ಸಲಿಕೆ ಹಿಡಿದು ಇಳಿಜಾರಿನಲ್ಲಿ ಎದೆಯುದ್ದದ ಗುಂಡಿ ತೋಡಿ, ಹಿಮದ ಪದರಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಮೂವತ್ತೊಂದು ವರ್ಷ ಈ ಕೆಲಸ ಮಾಡಿದ್ದವನು ಅವಳಪ್ಪ ಕಾಸಿಯಾನ್. ಅವನ ಮಂಡಿ ಕೈಕೊಟ್ಟಾಗ ಊರಿನವರು ಅವನ ಜಾಗಕ್ಕೆ ಜನ ಹುಡುಕಿದರು. ಒಬ್ಬನಿಗೆ ಬೆನ್ನು ನೋವು, ಇನ್ನೊಬ್ಬನಿಗೆ ಹಸು ಕರೆಯುವ ಹೊತ್ತು, ಮೂರನೆಯವನಿಗೆ ಹಿಮವೆಂದರೇ ಅಲರ್ಜಿ. ಇಪ್ಪತ್ತೆರಡರ ಬುರ್ಗಿ ಅಪ್ಪನ ಕೋಟು ತೊಟ್ಟುಕೊಂಡು ಕೋಲು ಎತ್ತಿಕೊಂಡಳು. ಹೇಗೂ ಬೇಗ ಏಳುವವಳು ತಾನೇ ಎಂದು ಊರು ನಿಟ್ಟುಸಿರು ಬಿಟ್ಟು ಮಗ್ಗುಲು ಬದಲಿಸಿ ಮಲಗಿತು.

ಹಿಮ ಅಳೆಯುವವರಿಗೆ ಊರಿನ ಹಿಮಕುಸಿತ ಸಮಿತಿಯಲ್ಲಿ ಒಂದು ಕುರ್ಚಿ ಇರುತ್ತದೆ. ಕಣಿವೆಯ ರಸ್ತೆಯನ್ನೂ ಸ್ಕೀ ಹಾದಿಗಳನ್ನೂ ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ತೀರ್ಮಾನಿಸುವ ಐದು ಜನರ ಸಮಿತಿ ಅದು. ಅಧ್ಯಕ್ಷ, ಎಳೆಯ ವಯಸ್ಸಿಗೇ ಮೇಯರ್ ಆಗಿದ್ದ ರೊಮೆಡ್. ಅಪ್ಪನಿಂದ ಬಂದ ಊರಿನ ದೊಡ್ಡ ಹೋಟೆಲೂ ಅವನದೇ ಆದ್ದರಿಂದ ಅಪಾಯದ ಬಗ್ಗೆ ಅವನಿಗೆ ಬಹಳ ಖಚಿತವಾದ ಅಭಿಪ್ರಾಯವಿತ್ತು. ಅಪಾಯ ಇರಬಾರದು ಎಂಬುದೇ ಆ ಅಭಿಪ್ರಾಯ. ಅಡುಗೆಯ ಹೆಂಗಸು ಸಮಿತಿಗೆ ಬಂದರೆ ಕಾಫಿಯಾದರೂ ಚೆನ್ನಾಗಿರುತ್ತದೆ ಎಂದು ಅವನು ನಂಬಿದ್ದ. ಬುರ್ಗಿ ಮೊದಲ ಸಭೆಗೆ ಬಂದು ಕೂತಳು. ಕಾಫಿ ಮಾಡಲಿಲ್ಲ.

ಆಗಷ್ಟೇ ಎರಡು ದಿನ ಹಿಮ ಸುರಿದಿತ್ತು. ರೊಮೆಡ್ ಕಡತ ಮುಚ್ಚುತ್ತಾ, “ರಸ್ತೆ ತೆಗೆಯೋಣ. ಎಲ್ರೂ ಒಪ್ಪಿದ್ದೀರ ತಾನೇ?” ಎಂದ. ಅದು ಪ್ರಶ್ನೆಯೆಂದು ಅದುವರೆಗೆ ಯಾರೂ ಭಾವಿಸಿರಲಿಲ್ಲ.

“ನಾನು ಒಪ್ಪಿಲ್ಲ” ಎಂದಳು ಬುರ್ಗಿ.

“ಏನು ಒಪ್ಪಿಲ್ಲ?”

“ರಸ್ತೆ ತೆಗೆಯೋದು. ಕೆಳಗಡೆ ಸಕ್ಕರೆ ಕೂತಿದೆ ರೊಮೆಡ್. ನವೆಂಬರಲ್ಲಿ ಬಿದ್ದ ಹಿಮ ಚಳಿಗೆ ಒಣಗಿ ಹರಳು ಹರಳಾಗಿದೆ, ಒಂದಕ್ಕೊಂದು ಅಂಟ್ತಾ ಇಲ್ಲ. ಅದರ ಮೇಲೆ ಗಾಳಿ ಹೊಸ ಹಿಮ ತಂದು ಹಲಗೆ ಥರ ಗಟ್ಟಿಯಾಗಿ ಹಾಸಿದೆ. ಒಂದು ಮೇಕೆ ಸೀನಿದ್ರೂ ಹಲಗೆ ಜಾರುತ್ತೆ.”

“ನಮ್ಮ ಹೋಟೆಲ್ ಉಗ್ರಾಣದಲ್ಲೂ ಸಕ್ಕರೆ ಇದೆ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕುಸಿದಿಲ್ಲ” ಎಂದ ರೊಮೆಡ್. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಅಗ್ನಿಶಾಮಕದ ಮುದುಕನೊಬ್ಬ ಬುರ್ಗಿಯ ಪುಸ್ತಕವನ್ನು ಎಳೆದುಕೊಂಡು ಓದಿ, ನಗು ನುಂಗಿ, ಅವಳ ಕಡೆಗೆ ಕೈ ಎತ್ತಿದ. ರಸ್ತೆ ಒಂದು ದಿನ ಮುಚ್ಚಿತು. ಅಂದಿನಿಂದ ರೊಮೆಡ್ ತನ್ನ ಕಾಫಿಯನ್ನು ತಾನೇ ತರಲಾರಂಭಿಸಿದ.

ಹೀಗೇ ಮೂವತ್ತಕ್ಕೂ ಹೆಚ್ಚು ಚಳಿಗಾಲ ಕಳೆದವು. ಈ ಕೆಲಸದ ಕಷ್ಟವೆಂದರೆ, ನೀವು ಹೇಳಿದ್ದು ಸರಿಯಾಗಿದ್ದಾಗ ಏನೂ ಆಗುವುದಿಲ್ಲ. ಏನೂ ಆಗದಿದ್ದದ್ದನ್ನು ಹಿಡಿದು ತಂದು ಮೇಜಿನ ಮೇಲಿಟ್ಟು ಯಾರಿಗೂ ತೋರಿಸಲಾಗುವುದಿಲ್ಲ. ಬುರ್ಗಿಗೆ ಐವತ್ತಾರು ತುಂಬಿದ ವರ್ಷ ಫೆಬ್ರವರಿಯಲ್ಲಿ ಮೂರು ಹಗಲು ಮೂರು ರಾತ್ರಿ ವಾಯವ್ಯದ ಗಾಳಿ ಬೀಸಿ ಎದೆಮಟ್ಟ ಹಿಮ ಬಿತ್ತು. ಇನ್ಸ್‌ಬ್ರುಕ್‌ನವರು ಅಪಾಯದ ಅಂಕಿ ನಾಲ್ಕು ಎಂದರು. ಅಂಕಿ ಇರುವುದೇ ಐದರವರೆಗೆ. ಬುರ್ಗಿಯ ಹಟಕ್ಕೆ ರಸ್ತೆ ನಾಲ್ಕು ದಿನ ಮುಚ್ಚಿತು. ಹೋಗಬೇಕಾದ ಪ್ರವಾಸಿಗಳು ಹೋಗಲಾರದೆ, ಬರಬೇಕಾದವರು ಬರಲಾರದೆ, ಊರಲ್ಲಿ ಹಾಲು ಬಿಟ್ಟು ಉಳಿದದ್ದೆಲ್ಲ ಖಾಲಿಯಾಯಿತು. ಮೂರನೆಯ ದಿನ ಒಂದು ಹಿಮಕುಸಿತ ಬಿತ್ತು. ಕಾಡಿನ ಒಂದು ಪಟ್ಟಿಯನ್ನೇ ಬೋಳಿಸಿಕೊಂಡು ಬಂದು ರಸ್ತೆಗೆ ಅರವತ್ತು ಹೆಜ್ಜೆ ಮೇಲೆ ನಿಂತುಬಿಟ್ಟಿತು. ರಸ್ತೆಗೆ ಬಾರದ ಹಿಮಕುಸಿತ ಹಿಮಕುಸಿತವೇ ಅಲ್ಲ ಎಂದು ರೊಮೆಡ್ ತೀರ್ಪು ಕೊಟ್ಟ.

“ನಾಲ್ಕು ದಿನ ಊರನ್ನ ಬಂದೀಖಾನೆ ಮಾಡಿದಳು. ಏನು ಬಿತ್ತು? ನನ್ನ ಮರ್ಯಾದೆ ಒಂದು ಬಿತ್ತು!” ಎಂದು ಅವನು ಹೋಟೆಲಿನಲ್ಲಿ ಎಲ್ಲರ ಮುಂದೆ ಗಂಟಲು ಹರಿದುಕೊಂಡ.

ಆ ವಾರವೇ ಕಾರ್ನಿವಲ್ ಹಬ್ಬದ ವೇಷದ ಮೆರವಣಿಗೆ. ಮರ ಕಡಿಯುವ ಕೆಲಸದವನೊಬ್ಬ ಬುರ್ಗಿಯ ಹಾಗೆ ಏಪ್ರನ್ ಕಟ್ಟಿಕೊಂಡು, ದೊಡ್ಡ ಅಳತೆಕೋಲು ಹಿಡಿದು, ದಾರಿಯಲ್ಲಿ ಕಂಡವರ ಬಿಯರ್ ಲೋಟದ ನೊರೆಯನ್ನೆಲ್ಲ ಅಳೆದು, “ಅಯ್ಯಯ್ಯೋ, ಬಹಳ ಅಪಾಯ! ಬಾಗಿಲು ಹಾಕ್ರೀ!” ಎಂದು ಕೀರಲು ದನಿಯಲ್ಲಿ ಕಿರುಚುತ್ತಾ ನಡೆದ. ಜನ ಬಿದ್ದು ಬಿದ್ದು ನಕ್ಕರು. ಬುರ್ಗಿ ಜಾಮು ತುಂಬಿದ ಕರಿದ ಬನ್ನು ತಿನ್ನುತ್ತಾ ಬೀದಿಯಂಚಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ಅವಳ ಗಂಡ ವಿಗಿಲ್ ನಿಂತಿದ್ದ. ಹನ್ನೊಂದು ಹಸುಗಳ ಒಡೆಯನಾದ ವಿಗಿಲ್ ಹಸುಗಳ ಜೊತೆ ಮಾತಾಡಿ ಉಳಿದರೆ ಮಾತ್ರ ಮನುಷ್ಯರ ಜೊತೆ ಮಾತಾಡುವವನು.

“ಅಷ್ಟು ದಪ್ಪ ಮೀಸೆ ನಿನಗಿಲ್ಲ” ಎಂದ ಅವನು, ಬಹಳ ಹೊತ್ತು ಪರೀಕ್ಷಿಸಿ ನೋಡಿ.

ಬುರ್ಗಿ ನಕ್ಕಳು. ಆದರೆ ಬನ್ನು ಅರ್ಧಕ್ಕೇ ಸಾಕಾಯಿತು. ಮಿಕ್ಕಿದ್ದನ್ನು ವಿಗಿಲ್‌ನ ಕೈಗೆ ಕೊಟ್ಟು ಮನೆಗೆ ನಡೆದಳು.

ರಸ್ತೆ ತೆರೆದ ದಿನ ಮೊದಲ ಬಸ್ಸಿನಲ್ಲೇ ಹ್ಯಾನೋವರ್‌ನಿಂದ ಡಾಕ್ಟರ್ ಪೋಲೆ ಬಂದಿಳಿದರು. ಹಲ್ಲಿನ ಡಾಕ್ಟರು. ಜೊತೆಗೆ ಹೆಂಡತಿ ಗುಡ್ರುನ್ ಮತ್ತು ಆರು ಜನ ಸ್ನೇಹಿತರು. ಡಾಕ್ಟರು ಹಿಮದ ಬಗ್ಗೆ ಇರುವ ಪುಸ್ತಕಗಳನ್ನೆಲ್ಲ ಓದಿದ್ದರು. ಹಿಮಕ್ಕಾಗಿ ಮಾರಾಟಕ್ಕಿರುವ ಸಾಮಾನನ್ನೆಲ್ಲ ಕೊಂಡಿದ್ದರು. ಅವರ ಬೆನ್ನುಚೀಲದಲ್ಲಿ ಒಂದು ಗಾಳಿಚೀಲವಿತ್ತು. ಹಿಮ ಕುಸಿದಾಗ ಹಿಡಿಯೊಂದನ್ನು ಎಳೆದರೆ ಚೀಲ ಉಬ್ಬಿ ಮನುಷ್ಯನನ್ನು ಹಿಮದ ಮೇಲಕ್ಕೆ ತೇಲಿಸಬೇಕು. ಬಂದ ದಿನವೇ ಹೋಟೆಲಿನ ಲಿಫ್ಟಿನಲ್ಲಿ ಆ ಹಿಡಿ ಯಾರದೋ ಕೊಡೆಗೆ ಸಿಕ್ಕಿ, ಚೀಲ ಢಮ್ಮೆಂದು ಉಬ್ಬಿ, ಡಾಕ್ಟರೂ ಇಬ್ಬರು ಡಚ್ ಹೆಂಗಸರೂ ಮೂರನೆಯ ಮಹಡಿಯವರೆಗೆ ಗೋಡೆಗೆ ಅಂಟಿಕೊಂಡು ಹೋಗಬೇಕಾಯಿತು. ಡಾಕ್ಟರು ಚೀಲವನ್ನು ಮತ್ತೆ ಮಡಿಸಿ, ಗಾಳಿಯ ಡಬ್ಬಿ ಹೊಸದು ಹಾಕಿ, ಹಿಡಿಯನ್ನು ಒಳಗೆ ಸೇರಿಸಿ ಜಿಪ್ ಎಳೆದು ಭದ್ರಮಾಡಿದರು.

ರೊಮೆಡ್‌ಗೆ ಡಾಕ್ಟರನ್ನು ಕಂಡರೆ ಎಲ್ಲಿಲ್ಲದ ಪ್ರೀತಿ. ಹೋಟೆಲಿನ ಹಜಾರದಲ್ಲಿ ‘ಚಳಿಗಾಲದ ಬೆಟ್ಟದಲ್ಲಿ ಸುರಕ್ಷಿತ ಸಂಚಾರ’ ಎಂದು ಅವರಿಂದಲೇ ಒಂದು ದಿನದ ಉಪನ್ಯಾಸ ಇಡಿಸಿದ. ಪಕ್ಕದಲ್ಲಿ ಹೋಟೆಲಿನ ಫಲಕವೂ ಇತ್ತು. ಇನ್ಸ್‌ಬ್ರುಕ್‌ನಿಂದ ಬರುವ ಅಪಾಯದ ಅಂಕಿಯ ಎದುರು ರೊಮೆಡ್ ಒಂದೊಂದು ಮುಖ ಬರೆಸಿದ್ದ. ಒಂದಕ್ಕೆ ಬಾಯಗಲ ನಗುವ ಮುಖ, ಎರಡಕ್ಕೂ ನಗುವ ಮುಖ, ಮೂರಕ್ಕೆ ಟೋಪಿ ಹಾಕಿಕೊಂಡು ನಗುವ ಮುಖ.

ಉಪನ್ಯಾಸದ ಎರಡನೆಯ ಗಂಟೆಗೆ ಗುಡ್ರುನ್ ಎದ್ದು ಹೊರಗೆ ಬಂದಳು. ಇಪ್ಪತ್ತಾರು ವರ್ಷ ಅದೇ ದನಿ ಕೇಳಿದ್ದವಳು. ಶಾಲೆಯ ಅಂಗಳದಲ್ಲಿ ಮಕ್ಕಳು ಕಿರುಚುತ್ತಾ ಹಿಮದ ಮೇಲೆ ತೆವಳುವುದನ್ನು ಕಂಡು ಬೇಲಿಯ ಹತ್ತಿರ ನಿಂತಳು. ಏಪ್ರನ್ ಕಟ್ಟಿದ ಹೆಂಗಸೊಬ್ಬಳು ಸೌಟು ಬೀಸುತ್ತಾ ಕೂಗುತ್ತಿದ್ದಳು:

“ಓಡಬೇಡ್ರೋ! ಯಂತ್ರ ನೆಲಕ್ಕೆ ಹಿಡೀರಿ! ಅಂಕಿ ಕಮ್ಮಿ ಆಗ್ತಾ ಇದೆಯಾ, ಜಾಸ್ತಿ ಆಗ್ತಾ ಇದೆಯಾ?”

ಬುರ್ಗಿ ಸೂಪಿನ ಪಾತ್ರೆಯೊಳಗೆ ಒಂದು ಬೀಪರ್ ಇಟ್ಟು, ಜೊತೆಗೆ ಹೊಗೆಯಲ್ಲಿ ಒಣಗಿಸಿದ ಸಾಸೇಜುಗಳನ್ನೂ ತುಂಬಿ, ಮುಚ್ಚಳ ಹಾಕಿ ಹಿಮದಲ್ಲಿ ಹೂಳುತ್ತಿದ್ದಳು. ಎದೆಗೆ ಕಟ್ಟಿಕೊಳ್ಳುವ ಆ ಬೀಪರ್ ಸದಾ ಸಂಕೇತ ಕಳಿಸುತ್ತಿರುತ್ತದೆ. ಹೂತುಹೋದವರ ಸಂಕೇತವನ್ನು ಉಳಿದವರ ಬೀಪರ್ ಹಿಡಿದು ಎಷ್ಟು ದೂರ ಎಂದು ತೋರಿಸುತ್ತದೆ. ಹುಡುಕಿ, ಉದ್ದನೆಯ ಚುಚ್ಚುಕೋಲಿನಿಂದ ತಿವಿದು, ತೋಡಿ ತೆಗೆದವರಿಗೆ ಸಾಸೇಜು. ಹದಿನೈದು ನಿಮಿಷ ದಾಟಿದರೆ ಸಾಸೇಜು ವಿಗಿಲ್‌ನ ನಾಯಿಗೆ. ಹದಿನೈದು ನಿಮಿಷವೇ ಏಕೆ ಎಂದು ಮಕ್ಕಳು ಕೇಳುತ್ತಿರಲಿಲ್ಲ. ಹಿಮದಡಿಯಲ್ಲಿ ಉಸಿರು ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲದೆಂದು ಆ ಊರಿನ ಮಕ್ಕಳಿಗೆ ಗೊತ್ತಿತ್ತು.

“ನಾನೂ ಒಂದ್ಸಲ ಹುಡುಕಲಾ?” ಎಂದು ಗುಡ್ರುನ್ ಬೇಲಿಯಾಚೆಯಿಂದ ಕೇಳಿದಳು.

“ಬನ್ನಿ ಬನ್ನಿ. ಸಾಸೇಜ್ ತಿಂತೀರ ತಾನೇ?”

ಮೊದಲ ಸಲ ಗುಡ್ರುನ್‌ಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ನಾಯಿಗೆ ಸುಗ್ಗಿ. ನಾಲ್ಕನೆಯ ಸಲ ಒಂಬತ್ತು ನಿಮಿಷ. ಬೆವರಿನಿಂದ ತೊಯ್ದು, ಮೊಣಕಾಲೂರಿ ಕೂತು ಸಾಸೇಜು ಕಚ್ಚುತ್ತಾ, “ನಮ್ಮೆಜಮಾನ್ರು ಇದನ್ನ ಎರಡು ಗಂಟೆಯಿಂದ ಹೇಳ್ತಾ ಇದ್ದಾರೆ. ಇನ್ನೂ ಸಲಿಕೆ ಕೈಗೆ ಬಂದಿಲ್ಲ” ಎಂದಳು.

“ತೋಡೋದೇ ಕಷ್ಟ. ಕುಸಿದ ಹಿಮ ಸಿಮೆಂಟ್ ಥರ ಆಗಿರುತ್ತೆ. ನೇರ ಕೆಳಕ್ಕೆ ತೋಡಬೇಡಿ, ಇಳಿಜಾರಿನ ಕೆಳಗಡೆಯಿಂದ ಒಳಕ್ಕೆ ತೋಡ್ತಾ ಬನ್ನಿ” ಎಂದಳು ಬುರ್ಗಿ. “ನಾಳೆ ಎಲ್ಲಿಗೆ ಹೋಗ್ತಿದ್ದೀರಾ?”

“ಗೈಸ್‌ಕೋಗಲ್ ಶಿಖರಕ್ಕಂತೆ.”

ಬುರ್ಗಿಯ ಸೌಟು ಅಲ್ಲೇ ನಿಂತಿತು.

ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಅಂಕಿ ನಾಲ್ಕರಿಂದ ಮೂರಕ್ಕೆ ಇಳಿದಿತ್ತು. ಬುರ್ಗಿಗೆ ನಾಲ್ಕಕ್ಕಿಂತ ಮೂರರ ಭಯವೇ ಹೆಚ್ಚು. ನಾಲ್ಕು ಎಂದರೆ ಜನ ಹೆದರಿ ಮನೆಯಲ್ಲಿರುತ್ತಾರೆ; ಮೂರು ಎಂದರೆ ನಡುವಿನದು ತಾನೇ ಎಂದು ಹೊರಟುಬಿಡುತ್ತಾರೆ, ಆ ದಿನಗಳಲ್ಲೇ ಹೆಚ್ಚು ಜನ ಸಾಯುತ್ತಾರೆ. ರಸ್ತೆಯನ್ನೂ ಹೋಟೆಲಿನವರ ಸ್ಕೀ ಹಾದಿಯನ್ನೂ ಸಮಿತಿ ಮುಚ್ಚಬಹುದು. ಅದರಾಚೆಯ ಬೆಟ್ಟವನ್ನು ಯಾರೂ ಮುಚ್ಚುವಂತಿಲ್ಲ. ಅಲ್ಲಿ ಹೋಗುವವರು ಅವರವರ ತಲೆಯನ್ನು ಅವರವರೇ ಹೊತ್ತುಕೊಂಡು ಹೋಗಬೇಕು.

ಅವಳಿಂದ ಆದದ್ದು ಇಷ್ಟೇ: ಶಾಲೆಯ ಒಲೆಯ ಮೇಲೆ ನೀರಿಟ್ಟು ಬಂದು, ಬೆಟ್ಟದ ಬುಡದ ಬಸ್ ನಿಲ್ದಾಣದಲ್ಲಿ, ತನ್ನ ಬೀಪರ್ ಹಿಡಿದು ನಿಂತು ಎಂಟೂ ಜನರನ್ನು ಒಬ್ಬೊಬ್ಬರಾಗಿ ಮುಂದಕ್ಕೆ ಬಿಟ್ಟಳು. ಏಳು ಸಲ ಬೀಪ್ ಎಂದಿತು. ಎಂಟನೆಯವನು ಸಪ್ಪಗೆ ದಾಟಿಹೋದ.

“ನಿಮ್ಮದು ಕೂಗ್ತಾ ಇಲ್ಲ.”

ಅವನು ವಕೀಲ. ಯಂತ್ರ ಬಿಚ್ಚಿ ನೋಡಿದರೆ ಬ್ಯಾಟರಿಯೇ ಇಲ್ಲ. ಹಿಂದಿನ ಸಂಜೆ ಹೋಟೆಲ್ ಕೋಣೆಯ ಟೀವಿ ರಿಮೋಟಿಗೆ ಹಾಕಿಕೊಂಡು ಮರೆತಿದ್ದ. ಬುರ್ಗಿ ತನ್ನದರಿಂದ ಬಿಚ್ಚಿ ಕೊಟ್ಟಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

“ಡಾಕ್ಟ್ರೇ, ಗೈಸ್‌ಕೋಗಲ್ ಇವತ್ತು ಬೇಡ. ಮೇಲಿನ ಇಳಿಜಾರು ತುಂಬ ಕಡಿದು. ಅಂಚಿನಲ್ಲಿ ಹಿಮ ಸೂರಿನ ಥರ ಚಾಚಿಕೊಂಡಿದೆ, ಗಾಳಿ ಹೊಸ ಹಿಮಾನ ಪೂರಾ ಆ ಕಡೆಗೇ ತುಂಬಿದೆ. ಇನ್ನೆರಡು ದಿನ ಕೂತ್ಕೊಳ್ಳಲಿ ಅದು. ಈ ಕಡೆ ಕಾಡಿನ ದಿಬ್ಬ ಇದೆಯಲ್ಲ, ಇಳಿಜಾರು ಮೆತ್ತಗಿದೆ, ಸೊಗಸಾದ ಹಿಮ. ಅಲ್ಲಿಗೆ ಹೋಗಿ.”

“ನೋಡಿ ಮೇಡಂ,” ಎಂದು ಡಾಕ್ಟರು ಕೈಗವಸು ಬಿಚ್ಚಿದರು. ಸರಿಯಾಗಿ ವಿವರಿಸಬೇಕಾದಾಗ ಅವರು ಯಾವಾಗಲೂ ಕೈಗವಸು ಬಿಚ್ಚುತ್ತಿದ್ದರು. “ಹಿಮದ ಹರಳು ಹೇಗೆ ರೂಪುಗೊಳ್ಳುತ್ತೆ ಅಂತ ನಿಮಗೆ ಗೊತ್ತಾ?”

“ಇಲ್ಲಪ್ಪ. ಅದು ರೂಪುಗೊಳ್ಳುವಾಗ ನಾನು ಅಡುಗೆ ಮಾಡ್ತಿರ್ತೀನಿ.”

“ಹಾಗಾದ್ರೆ…” ಎಂದು ಅವರು ಏಳೆಂಟು ನಿಮಿಷ ವಿವರಿಸಿದರು. ಬುರ್ಗಿ ಕೇಳಿಸಿಕೊಂಡಳು. ಒಲೆಯ ಮೇಲಿಟ್ಟು ಬಂದ ನೀರು ಅಷ್ಟು ಹೊತ್ತಿಗೆ ಕುದಿದು ಇಂಗಿರಬೇಕು. ಹೊರಡುವ ಮುಂಚೆ ಗುಡ್ರುನ್‌ಳ ತೋಳು ಹಿಡಿದು ಪಕ್ಕಕ್ಕೆ ಕರೆದಳು.

“ಯಾರೇನೇ ಹೇಳಲಿ, ಇಳಿಜಾರು ದಾಟೋವಾಗ ಒಂದು ಹೊತ್ತಿಗೆ ಒಬ್ಬರೇ ದಾಟಿ. ಮಿಕ್ಕವರು ಬಂಡೆ ಮರೆಗೆ ನಿಂತ್ಕೊಂಡು ಅವರನ್ನೇ ನೋಡ್ತಿರಿ. ಕಣ್ಣು ತೆಗೀಬೇಡಿ.”

“ನಾನು ನೋಡ್ಕೋತೀನಿ ಬುರ್ಗಿಯವರೇ.”

ಶಾಲೆಯ ಅಡುಗೆಮನೆಯ ಕಿಟಕಿಗೆ ಗೈಸ್‌ಕೋಗಲ್ ನೇರವಾಗಿ ಕಾಣುತ್ತದೆ. ಸೌಟುಗಳ ಸಾಲಿನಲ್ಲೇ ಒಂದು ದುರ್ಬೀನು ತೂಗುಹಾಕಿತ್ತು. ಅಂದು ಮಕ್ಕಳಿಗೆ ಚೀಸ್ ಉಂಡೆಯ ಸೂಪು. ಬುರ್ಗಿ ಒಂದು ಉಂಡೆ ಕಟ್ಟುವುದು, ಕೈ ಒರೆಸಿಕೊಂಡು ದುರ್ಬೀನಿನಲ್ಲಿ ನೋಡುವುದು, ಮತ್ತೆ ಉಂಡೆ ಕಟ್ಟುವುದು. ಹತ್ತೂವರೆಗೆ ಎಂಟು ಚುಕ್ಕೆಗಳು ಮೇಲಿನ ಇಳಿಜಾರಿನ ಅಂಚಿಗೆ ಬಂದು ನಿಂತವು. ಬಹಳ ಹೊತ್ತು ನಿಂತವು. ಒಂದು ಚುಕ್ಕೆ ಕೈ ಆಡಿಸಿತು, ಇನ್ನೊಂದು ಚುಕ್ಕೆ ಅದಕ್ಕಿಂತ ಜೋರಾಗಿ ಕೈ ಆಡಿಸಿತು. ಗಂಡಹೆಂಡಿರ ಜಗಳ ಎರಡು ಸಾವಿರ ಅಡಿ ಕೆಳಗಿನಿಂದಲೂ ಗೊತ್ತಾಗುತ್ತದೆ. ಕೊನೆಗೆ ಏಳು ಚುಕ್ಕೆಗಳು ಬಂಡೆಯ ಹಿಂದಕ್ಕೆ ಸರಿದವು. ಒಂದೇ ಒಂದು ಚುಕ್ಕೆ ಇಳಿಜಾರಿಗೆ ಕಾಲಿಟ್ಟು ದಾಟತೊಡಗಿತು.

“ನಿಲ್ಲಿ ಡಾಕ್ಟ್ರೇ, ತಿರುಗಿ” ಎಂದಳು ಬುರ್ಗಿ ಕಿಟಕಿಗೆ.

ಮೊದಲು ಸದ್ದೇ ಇರಲಿಲ್ಲ. ಇಳಿಜಾರಿನ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಗೆರೆ ಬಿತ್ತು, ಯಾರೋ ಚಾಕುವಿನಲ್ಲಿ ಎಳೆದ ಹಾಗೆ. ಆಮೇಲೆ ಇಡೀ ಬಿಳುಪು ತುಂಡುತುಂಡಾಗಿ ಒಡೆದು ನಡೆಯತೊಡಗಿತು. ಕಿಟಕಿಯ ಗಾಜು ನಡುಗಿದ್ದು ಅದಾದ ಮೇಲೆ. ಹುಡಿ ಎದ್ದು ಎಲ್ಲವನ್ನೂ ಮುಚ್ಚಿತು. ಬುರ್ಗಿ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಒಂಬತ್ತು ನಿಮಿಷ. ರಕ್ಷಣಾ ತಂಡಕ್ಕೆ ಫೋನು ಮಾಡುವಾಗ ಅವಳ ದನಿ ಗಟ್ಟಿಯಾಗೇ ಇತ್ತು. ಹೆಲಿಕಾಪ್ಟರ್ ಬರಲು ಇಪ್ಪತ್ತೈದು ನಿಮಿಷವಾದರೂ ಬೇಕು. ಸ್ಕೀ ಕಟ್ಟಿಕೊಂಡು ತಾನೇ ಓಡಿದರೂ ಒಂದು ಗಂಟೆ. ಅವಳು ಮಾಡಬಹುದಾದದ್ದು ಏನೂ ಇರಲಿಲ್ಲ. ದುರ್ಬೀನು ಕಣ್ಣಿಗೊತ್ತಿಕೊಂಡು ನಿಂತಳು.

ಹುಡಿ ಇಳಿಯಿತು. ಏಳು ಚುಕ್ಕೆಗಳು ಇದ್ದವು. ಅವುಗಳಲ್ಲಿ ಐದು ಅಲ್ಲಿಂದಿಲ್ಲಿಗೆ ಓಡುತ್ತಿದ್ದವು. ಒಂದು ಸುಮ್ಮನೆ ಕೂತಿತ್ತು. ಇನ್ನೊಂದು ಮಾತ್ರ ಓಡದೆ, ಬಗ್ಗಿ, ಹಾವಿನಂತೆ ಅಡ್ಡಕ್ಕೂ ಉದ್ದಕ್ಕೂ ನಿಧಾನವಾಗಿ ಇಳಿಯುತ್ತಾ ಬರುತ್ತಿತ್ತು.

“ಹಾಂ, ಹಾಗೇ. ಈಗ ಅಂಕಿ ನೋಡು. ಕಮ್ಮಿ ಆಗ್ತಿದೆಯಾ?” ಎಂದು ಬುರ್ಗಿ ಪಿಸುಗುಟ್ಟಿದಳು.

ಚುಕ್ಕೆ ಮೊಣಕಾಲೂರಿತು. ಕೈ ಎತ್ತಿ ಉಳಿದವರನ್ನು ಕರೆಯಿತು. ಹಿಂದೆ ಸೂಪು ಉಕ್ಕಿ ಒಲೆಯ ಮೇಲೆ ಸುರಿದು ಸೀದ ವಾಸನೆ ಬರುತ್ತಿತ್ತು, ಬುರ್ಗಿ ತಿರುಗಲಿಲ್ಲ. ಚುಕ್ಕೆಗಳು ಒಂದರ ಹಿಂದೆ ಒಂದು ನಿಂತು ಹಿಮ ಎತ್ತಿ ಎಸೆಯತೊಡಗಿದವು, ಇಳಿಜಾರಿನ ಕೆಳಗಡೆಯಿಂದ ಒಳಕ್ಕೆ. ಹನ್ನೊಂದು ಗಂಟೆ ಎರಡು ನಿಮಿಷಕ್ಕೆ ಎಲ್ಲವೂ ಒಂದೇ ಕಡೆ ಬಗ್ಗಿದವು. ಆಮೇಲೆ ಒಂದು ಚುಕ್ಕೆ ಎದ್ದು ನಿಂತು ಎರಡೂ ಕೈ ಮೇಲಕ್ಕೆತ್ತಿ ಊರಿನ ಕಡೆಗೆ ಬೀಸಿತು. ಬುರ್ಗಿ ದುರ್ಬೀನನ್ನು ಸೌಟುಗಳ ಸಾಲಿಗೆ ತೂಗುಹಾಕಿ ಒಲೆ ಆರಿಸಿದಳು. ಅಂದು ಮಕ್ಕಳಿಗೆ ಬ್ರೆಡ್ಡು, ಬೆಣ್ಣೆ.

ಡಾಕ್ಟರಿಗೆ ಒಂದು ಕಾಲಿನ ಮೂಳೆ ಮುರಿದಿತ್ತು, ಅಷ್ಟೇ. ಹೆಲಿಕಾಪ್ಟರ್ ಬಂದಾಗ ಅವರು ಹೊದಿಕೆ ಸುತ್ತಿಕೊಂಡು ಕೂತು ವಕೀಲನಿಗೆ ಹಿಮಕುಸಿತದ ವೇಗವನ್ನು ವಿವರಿಸುತ್ತಿದ್ದರಂತೆ. ಹೆಲಿಕಾಪ್ಟರಿನಲ್ಲಿ ಒಂದು ನಾಯಿಯೂ ಬಂದಿತ್ತು. ಅದು ಕೆಳಗಿಳಿದು, ಎಲ್ಲರನ್ನೂ ಮೂಸಿ, ಗುಂಡಿಯ ಪಕ್ಕದಲ್ಲಿ ಒಂದಕ್ಕೆ ಮಾಡಿ ಮತ್ತೆ ಹತ್ತಿತು. ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ನಾಯಿಯ ಫೋಟೋ ಬಂತು. ಒಳಪುಟದಲ್ಲಿ ಗಾಳಿಚೀಲದ ಫೋಟೋ. ಜಿಪ್ಪಿನೊಳಗಿದ್ದ ಅದರ ಹಿಡಿಯನ್ನು ಯಾರೂ ಮುಟ್ಟಿರಲಿಲ್ಲ, ಚೀಲ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಆದರೂ ಆಧುನಿಕ ಸಲಕರಣೆಯಿಂದ ಉಳಿದ ಜೀವ ಎಂದು ಬರೆದಿದ್ದರು. ಗುಡ್ರುನ್‌ಳ ಹೆಸರು ತಪ್ಪಾಗಿ ಅಚ್ಚಾಗಿತ್ತು. ರೊಮೆಡ್ ನಾಯಿಗೆ ಪದಕ ತೊಡಿಸಿದ. ಆ ಸಮಾರಂಭದಲ್ಲೇ ಬುರ್ಗಿಯನ್ನು ಮೂಲೆಗೆ ಕರೆದ.

“ನೀನು ಯಾಕೆ ಅವರಿಗೆ ಬೇಡ ಅನ್ನಲಿಲ್ಲ?”

“ಅಂದೆ.”

“ಇನ್ನೂ ಜೋರಾಗಿ ಅನ್ನಬೇಕಿತ್ತು. ರಸ್ತೆಗೆ ಅಷ್ಟು ಜೋರಾಗಿ ಅಂತೀಯ!”

ಬುರ್ಗಿಗೆ ಮನೆಗೆ ಹೋದ ಮೇಲೆ ಹನ್ನೆರಡು ಉತ್ತರ ಹೊಳೆದವು. ಅಷ್ಟನ್ನೂ ವಿಗಿಲ್‌ಗೆ ಹೇಳಿದಳು. ಅವನು ಹಸುಗಳಿಗೆ ಹುಲ್ಲು ಹಾಕುತ್ತಾ, “ಏಳನೇದು ಚೆನ್ನಾಗಿದೆ” ಎಂದ.

ಎರಡು ವಾರದ ಮೇಲೆ ಇನ್ಸ್‌ಬ್ರುಕ್‌ನಿಂದ ವಿಚಾರಣೆಗೆಂದು ಒಬ್ಬ ಹೆಂಗಸು ಬಂದಳು. ಬುರ್ಗಿಯ ಪುಸ್ತಕವನ್ನು ಮೊದಲ ಪುಟದಿಂದ ಓದಿದಳು. ಆ ದಿನದ ಪುಟದಲ್ಲಿ ‘ಗೈಸ್‌ಕೋಗಲ್ ಬೇಡ ಎಂದೆ, ಹೋದರು, ಎಂಟು ಜನ, ಬೀಪರ್ ಎಂಟೂ ಸರಿ’ ಎಂದಿತ್ತು. ಆಕೆ ಪುಸ್ತಕ ಮುಚ್ಚಿ ಹೋಟೆಲಿಗೆ ಹೋಗಿ ಫಲಕದ ಮುಂದೆ ನಿಂತಳು.

“ಮೂರಕ್ಕೆ ಯಾಕೆ ನಗ್ತಾ ಇದೆ?”

“ಅತಿಥಿಗಳು ಹೆದರಬಾರದು ಅಂತ” ಎಂದ ರೊಮೆಡ್.

“ನಾಲ್ಕಕ್ಕೂ ನಗ್ತಾ ಇದೆ.”

“ಸ್ವಲ್ಪ ಕಮ್ಮಿ ನಗ್ತಾ ಇದೆ, ಸರಿಯಾಗಿ ನೋಡಿ.”

“ಐದು?”

“ಐದು… ಜಾಗ ಸಾಲಲಿಲ್ಲ.”

ಫಲಕ ಅಂದೇ ಇಳಿಯಿತು. ರೊಮೆಡ್‌ಗೆ ಒಂದು ಖಾರವಾದ ಪತ್ರ ಬಂತು. ಬುರ್ಗಿಗೆ ಏನೂ ಬರಲಿಲ್ಲ. ಏಪ್ರಿಲಿನಲ್ಲಿ ಅವಳು ಕೋಲು, ಹಿಮ ತೂಗುವ ತಕ್ಕಡಿ, ಸಲಿಕೆ ಮೂರನ್ನೂ ತೊಳೆದು ಒರೆಸಿ ಹೋಟೆಲಿನ ಕೌಂಟರ್ ಮೇಲಿಟ್ಟು, “ಸಾಕಾಯ್ತು ರೊಮೆಡ್. ಬೇರೆಯವರನ್ನ ನೋಡ್ಕೋ” ಎಂದು ಹೇಳಿ ಬಂದಳು. ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಸಾಕಾಗಿತ್ತು.

ಬೇರೆಯವರು ಯಾರೂ ಸಿಗಲಿಲ್ಲ. ಅದಕ್ಕೇನಂತೆ, ಕಾಲ ಮುಂದುವರಿದಿದೆ ಎಂದು ರೊಮೆಡ್ ಬೆಟ್ಟದ ಮೇಲೆ ಒಂದು ಯಂತ್ರ ನಿಲ್ಲಿಸಿದ. ಕಂಬದಿಂದ ಚಾಚಿದ ಒಂದು ಕೈ ಹಿಮದ ಮೇಲೆ ಸದ್ದು ಬಿಟ್ಟು, ವಾಪಸು ಬರುವ ಸದ್ದಿನಿಂದ ಆಳ ಲೆಕ್ಕಹಾಕಿ ತಾನೇ ಕಳಿಸುತ್ತದೆ. ಮೊದಲ ಚಳಿಗಾಲದಲ್ಲೇ ಹಳದಿ ಕೊಕ್ಕಿನ ಒಂದು ಬೆಟ್ಟದ ಕಾಗೆ ಆ ಕೈಯ ನೆರಳಿಗೆ ಬಂದು ಕೂರಲು ಶುರುಮಾಡಿತು. ಮೋಡವೇ ಇಲ್ಲದ ಮಧ್ಯಾಹ್ನಗಳಲ್ಲಿ, ಯಂತ್ರದ ಲೆಕ್ಕದ ಪ್ರಕಾರ, ಹಿಂಟರ್‌ಕಾರ್‌ನಲ್ಲಿ ಒಂದಡಿ ಹಿಮ ಬಿದ್ದು, ಸಂಜೆ ಕಾಗೆ ಹಾರಿದೊಡನೆ ಮಾಯವಾಗುತ್ತಿತ್ತು. ಡಿಸೆಂಬರ್ ಮುಗಿಯುವವರೆಗೆ ರೊಮೆಡ್ ಇದರ ಬಗ್ಗೆ ತುಟಿ ಬಿಚ್ಚಲಿಲ್ಲ. ಜನವರಿಯಲ್ಲಿ ಯಂತ್ರದ ಮೇಲೆ ಮಂಜು ಹೆಪ್ಪುಗಟ್ಟಿ ಒಂಬತ್ತು ದಿನ ಹಿಮದ ಆಳ ಸೊನ್ನೆ ಎಂದು ಬಂತು. ಹೊರಗೆ ರೊಮೆಡ್‌ನ ಕಾರು ಕಾಣದಷ್ಟು ಹಿಮವಿತ್ತು.

ಹತ್ತನೆಯ ದಿನ ಅವನು ಟೋಪಿ ಕೈಯಲ್ಲಿ ಹಿಡಿದು ಶಾಲೆಯ ಅಡುಗೆಮನೆಗೆ ಬಂದ. ಬುರ್ಗಿ ಅವನಿಗೂ ಒಂದು ಬಟ್ಟಲು ಸೂಪು ಬಡಿಸಿದಳು.

“ಬುರ್ಗಿ, ಹಳೇದೆಲ್ಲ ಮನಸಲ್ಲಿಟ್ಕೋಬೇಡ. ಒಂದೇ ಕ್ಲಾಸಲ್ಲಿ ಓದಿದೋರು ನಾವು.”

“ನೀನು ಎರಡು ವರ್ಷ ಅಲ್ಲೇ ಕೂತಿದ್ದಕ್ಕೆ ಒಂದೇ ಕ್ಲಾಸಾಯ್ತು. ಸರಿ, ಅಳೀತೀನಿ. ಆದ್ರೆ ಸೋಮವಾರದ ಗುಂಡಿ ನೀನು ತೋಡಬೇಕು.”

“ನಾನಾ? ಈ ಬೆನ್ನಿಟ್ಕೊಂಡಾ?”

“ಬೆನ್ನಿರೋರೇ ತೋಡೋದು.”

ಮೊದಲ ಸೋಮವಾರ ರೊಮೆಡ್ ಹೋಟೆಲಿನ ತುಪ್ಪಳದ ಕೋಟಿನಲ್ಲಿ ಬಂದು ಮುಕ್ಕಾಲು ಗಂಟೆ ತೋಡಿ ಬೆವರಿ ಮುದ್ದೆಯಾದ. ಬುರ್ಗಿ ಗುಂಡಿಯ ಗೋಡೆಯಲ್ಲಿ ಹಿಮದ ಒಂದು ಕಂಬವನ್ನು ಗರಗಸದಿಂದ ಬಿಡಿಸಿ, ಅದರ ಮೇಲೆ ಸಲಿಕೆಯ ಎಲೆ ಮಲಗಿಸಿ, “ತಟ್ಟು. ಮೆಲ್ಲಗೆ, ಮಣಿಕಟ್ಟಿನಿಂದ” ಎಂದಳು. ರೊಮೆಡ್ ಒಂದು ಸಲ ತಟ್ಟಿದ. ಎರಡು ಸಲ. ಮೂರನೆಯ ಸಲಕ್ಕೆ ಇಡೀ ಕಂಬ ಕೆಳಗಿನ ಪದರದಲ್ಲಿ ಕತ್ತರಿಸಿದಂತೆ ಬಿಟ್ಟುಕೊಂಡು ಜಾರಿ ಅವನ ತೊಡೆಯ ಮೇಲೆ ಬಂದು ಬಿತ್ತು. ಅವನು ಬಾಯಿ ತೆರೆದು ಕೂತ. ಬುರ್ಗಿ ಬಗ್ಗಿ ಗುಂಡಿಯ ಗೋಡೆಯಿಂದ ಒಂದು ಚಿಟಿಕೆ ಹರಳು ಉದುರಿಸಿ ಅವನ ಅಂಗೈಗೆ ಹಾಕಿದಳು. ಅವನು ಬೆರಳಿನಲ್ಲಿ ಉಜ್ಜಿ ನೋಡಿದ. ಹರಳು ಅಂಟದೆ ಸುರಿದುಹೋಯಿತು.

“ನನ್ನ ಹೋಟೆಲ್ ಇದೇ ಬೆಟ್ಟದ ಕೆಳಗಿದೆ” ಎಂದ, ಬೆಟ್ಟದ ಕಡೆ ತಲೆಯೆತ್ತಿ.

“ನಲವತ್ತು ವರ್ಷದಿಂದ ಅಲ್ಲೇ ಇದೆ” ಎಂದಳು ಬುರ್ಗಿ.

ಅಂದು ಸಮಿತಿ ಕೂಡುವ ಮುಂಚೆಯೇ ರೊಮೆಡ್ ರಸ್ತೆ ಮುಚ್ಚಿಸಿದ. ಆಮೇಲಿನ ಚಳಿಗಾಲಗಳಲ್ಲೂ ಅವನು ಹೆಚ್ಚು ತಕರಾರು ಮಾಡಲಿಲ್ಲ. ರಸ್ತೆ ಮುಚ್ಚಿದರೆ ಹೋಟೆಲಿನಲ್ಲಿರುವ ಅತಿಥಿಗಳೂ ಬಿಟ್ಟುಹೋಗಲಾರರು ಎಂಬ ಸತ್ಯ ಅವನಿಗೆ ಅದೇ ವಾರ ಹೊಳೆದಿತ್ತು. ಅವನನ್ನು ಬದಲಾಯಿಸಿದ್ದು ತೊಡೆಯ ಮೇಲೆ ಬಿದ್ದ ಹಿಮವೋ ಈ ಜ್ಞಾನೋದಯ‌ವೋ ಎಂದು ಬುರ್ಗಿ ಕೆದಕಲು ಹೋಗಲಿಲ್ಲ. ರಸ್ತೆ ಮುಚ್ಚಿತಲ್ಲ, ಸಾಕು.

ಡಾಕ್ಟರ್ ಪೋಲೆ ಊರೂರು ಸುತ್ತಿ ‘ಹಿಮದಡಿಯಲ್ಲಿ ಹನ್ನೊಂದು ನಿಮಿಷ’ ಎಂದು ಉಪನ್ಯಾಸ ಕೊಡತೊಡಗಿದರು. ಅದರಲ್ಲಿ ಹೆಂಡತಿಯನ್ನು ‘ನನ್ನ ತಂಡ’ ಎಂದು ಕರೆಯುತ್ತಿದ್ದರು. ತಂಡ ಎರಡನೆಯ ವರ್ಷದ ಹೊತ್ತಿಗೆ ಅವರನ್ನು ಬಿಟ್ಟಿತು. ಗುಡ್ರುನ್ ಪ್ರತಿ ಜನವರಿ ಒಬ್ಬಳೇ ಬಂದು ಬುರ್ಗಿಯ ಮನೆಯ ಅಟ್ಟದ ಕೋಣೆಯಲ್ಲಿ ಮೂರು ವಾರ ಇರುತ್ತಾಳೆ. ವಿಗಿಲ್ ಅವಳೊಡನೆ ಮಾತನಾಡುತ್ತಾನೆ, ದಿನಕ್ಕೆ ನಾಲ್ಕೈದು ವಾಕ್ಯ. ಊರವರಿಗೆ ಅದೇ ದೊಡ್ಡ ಸುದ್ದಿ.

ಹೋದ ಚಳಿಗಾಲ, ಬುರ್ಗಿಗೆ ಅರವತ್ತೆಂಟು ತುಂಬಿದ ಮೇಲೆ, ಇಬ್ಬರೂ ಗೈಸ್‌ಕೋಗಲ್ ಏರಲು ಹೊರಟರು. ಎರಡು ವಾರ ಹಿಮ ಚೆನ್ನಾಗಿ ಕೂತಿತ್ತು, ಅಂಕಿ ಎರಡು. ಮೇಲಿನ ಇಳಿಜಾರಿನ ಅಂಚಿಗೆ ಬಂದಾಗ ಗಾಳಿ ತಿರುಗಿತು. ಹಿಮ ಧೂಳಿನಂತೆ ಅಂಚು ದಾಟಿ ಸುರಿಯತೊಡಗಿತು. ಬುರ್ಗಿ ಸ್ಕೀ ಕೋಲನ್ನು ಹಿಮಕ್ಕೆ ಚುಚ್ಚಿ ನೋಡಿ, “ಇಲ್ಲಿಗೇ ಸಾಕು” ಎಂದಳು. ಶಿಖರ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಗುಡ್ರುನ್ ಒಂದು ಸಲ ಮೇಲೆ ನೋಡಿ ಚೀಲ ಇಳಿಸಿದಳು. ಬಂಡೆಯ ಮರೆಯಲ್ಲಿ ಕೂತು ಬ್ರೆಡ್ಡಿನ ಮೇಲೆ ಉಪ್ಪುಮಾಂಸ ಕೊಯ್ದು ಹಾಕಿಕೊಳ್ಳುತ್ತಿರುವಾಗ ಹಿಂದಿನಿಂದ ಮೂವರು ತರುಣರು ಏದುಸಿರು ಬಿಡುತ್ತಾ ಬಂದರು.

“ಏನಜ್ಜಿ, ಸುಸ್ತಾಯ್ತಾ?”

“ಗಾಳಿ ತಿರುಗಿದೆ ಕಣ್ರಪ್ಪ. ಈ ಇಳಿಜಾರಿಗೆ ತುಂಬ್ತಾ ಇದೆ. ಇವತ್ತು ಇಲ್ಲಿಂದಲೇ ಇಳಿಯೋದು ಒಳ್ಳೇದು.”

“ಅಂಕಿ ಎರಡೇ ಅಂತ ಫೋನಲ್ಲಿ ಬಂದಿದೆ ಅಜ್ಜಿ.”

“ಆ ಅಂಕಿಗೆ ಅಳತೆ ಕೊಟ್ಟೋಳು ನಾನೇ. ಅದು ಬೆಳಗ್ಗೆ ಆರೂವರೆದು.”

ಅವರು ನಕ್ಕರು. ಹೋಗುವುದಾದರೆ ಒಬ್ಬೊಬ್ಬರಾಗಿ ಹೋಗಿ ಎಂದು ಅವಳು ಕೂಗಿ ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಮೂವರೂ ಒಟ್ಟಿಗೇ ದಾಟಿದರು. ಬುರ್ಗಿ ಬ್ರೆಡ್ಡು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಕೀಳದೆ ನೋಡಿದಳು. ಗುಡ್ರುನ್ ಸಲಿಕೆಯನ್ನು ಚೀಲದಿಂದ ತೆಗೆದು ಪಕ್ಕದಲ್ಲಿಟ್ಟಳು. ಏನೂ ಬೀಳಲಿಲ್ಲ.

ಮಧ್ಯಾಹ್ನದ ಮೇಲೆ ಊರಿನ ಬಸ್ ನಿಲ್ದಾಣದಲ್ಲಿ ಆ ತರುಣರು ಬಿಯರ್ ಹಿಡಿದು ಕೂತಿದ್ದರು. “ಅಜ್ಜೀ, ಬೆಟ್ಟ ಇನ್ನೂ ಅಲ್ಲೇ ಇದೆ, ನೋಡಿ!” ಎಂದು ಒಬ್ಬ ಕೂಗಿದ. ಉಳಿದಿಬ್ಬರು ನಕ್ಕರು. ಬುರ್ಗಿ ಹತ್ತಿರ ಹೋಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮೂವರೂ ಇದ್ದರು.

“ಸಂತೋಷ ಕಣ್ರಪ್ಪ. ಒದ್ದೆ ಕಾಲುಚೀಲ ಬದಲಾಯ್ಸಿಕೊಳ್ಳಿ, ನೆಗಡಿ ಆಗುತ್ತೆ” ಎಂದು ಹೇಳಿ, ಗುಡ್ರುನ್‌ಳ ಜೊತೆ ಮನೆಯ ಕಡೆ ನಡೆದಳು.